ವಿಮಾನ ನಿಲ್ದಾಣ ದೊಡ್ಡದಾಗುತ್ತದೆ, ಆದರೆ ‘ಗಮನಾರ್ಹ ಪರಿಣಾಮ ಇಲ್ಲ’ವಂತೆ. ಇದು ಹೇಗೆ ಸ್ವಾಮಿ?

ಡಿಮೋಯ್ನ್ಸ್_ಮನೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ವಾಷಿಂಗ್ಟನ್ ರಾಜ್ಯದ ಡಿಮೋಯ್ನ್ಸ್ ಊರಿನಲ್ಲಿ, ಸೀಟ್ಯಾಕ್ (ಸಿಯಾಟಲ್-ಟಕೋಮಾ) ವಿಮಾನ ನಿಲ್ದಾಣದ ದಕ್ಷಿಣಕ್ಕೆ. ರನ್‌ವೇಯಿಂದ ದಾರ ಹಿಡಿದು ಎಳೆದರೆ ನಮ್ಮ ಹಿತ್ತಲ ಮೇಲೇ ಹೋಗುತ್ತದೆ. ಮನೆ ನೋಡಲು ಬಂದದ್ದು 2020ರ ಮೇ ತಿಂಗಳಲ್ಲಿ. ಕೋವಿಡ್ ಕಾಲ, ಆಕಾಶವೆಲ್ಲ ಖಾಲಿ. ಮನೆ ತೋರಿಸಿದ ಏಜೆಂಟ್ ‘ಬಹಳ ಪ್ರಶಾಂತವಾದ ಜಾಗ’ ಅಂದ. ಸುಳ್ಳು ಹೇಳಲಿಲ್ಲ ಪುಣ್ಯಾತ್ಮ, ಆ ದಿನ ಪ್ರಶಾಂತವಾಗಿಯೇ ಇತ್ತು.

ಈಗ ಹಾಸನದಿಂದ ಅಮ್ಮ ಬಂದಿದ್ದಾರೆ. ಅವರದ್ದು ಒಂದೇ ದೂರು, ಕುಕ್ಕರ್ ವಿಷಲ್ ಎಣಿಸೋಕೆ ಆಗುತ್ತಿಲ್ಲ. ಎರಡನೆಯದೋ ಮೂರನೆಯದೋ ಅನ್ನುವಷ್ಟರಲ್ಲಿ ಮೇಲೊಂದು ವಿಮಾನ. ಮೊನ್ನೆ ಹುಳಿಗೆ ಇಟ್ಟ ಬೇಳೆ ಪಾಯಸದ ಹದಕ್ಕೆ ಬಂದಿತ್ತು.

ವಿಷಯಕ್ಕೆ ಬರುತ್ತೇನೆ. ಇಲ್ಲಿ 31 ಕಾಮಗಾರಿಗಳ ವಿಸ್ತರಣೆ ಯೋಜನೆ ಇದೆ, 19 ಗೇಟ್‌ಗಳ ಎರಡನೇ ಟರ್ಮಿನಲ್ ಸೇರಿ. 2024ರ ಅಕ್ಟೋಬರ್‌ನಲ್ಲಿ ಪರಿಸರ ವರದಿಯ ಕರಡು ಬಂತು. ನಾನೂ ಎರಡು ಪುಟ ಅಭಿಪ್ರಾಯ ಬರೆದು ಕಳಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ‘ಗಮನಾರ್ಹ ಪರಿಣಾಮ ಇಲ್ಲ’ ಅಂತ ಷರಾ ಬರೆದು ಮುಗಿಸಿತು. 19 ಗೇಟ್ ಸೇರಿಸಿದರೂ ಪರಿಣಾಮ ಇಲ್ಲ ಅಂದರೆ ಏನರ್ಥ? ಜೊತೆಗೆ ಫೆಡರಲ್ ನಿಯಮಗಳೇ ಬದಲಾಗಿವೆ, ಇನ್ನು ಜನ ಬರೆದದ್ದಕ್ಕೆ ಬೆಲೆ ಇಲ್ಲ ಅಂತಾರಲ್ಲ, ನಿಜವಾ?

ಮೈಸೂರ್‌ಪಾಕ್_ಮುರುಕು
ಸಂತೆಯಲ್ಲಿ ಮನೆ ಮಾಡಿ ಗದ್ದಲ ಅಂದರೆ ಹೇಗೆ ಸಾರ್?

ಡಿಮೋಯ್ನ್ಸ್_ಮನೆ
ನಾನು ಕೊಂಡಾಗ ಸಂತೆಗೆ ರಜೆ ಇತ್ತು ಮಾರಾಯರೇ.

ಕಡತಗಿತ್ತಿ
ನಾನು ಇಂಥ ವರದಿಗಳನ್ನು ಬರೆಯುವ ಕಡೆ ಕೆಲವು ವರ್ಷ ಕೆಲಸ ಮಾಡಿದ್ದೇನೆ (ಸೀಟ್ಯಾಕ್‌ನದ್ದಲ್ಲ, ಬೈಯಬೇಡಿ). ಮೊದಲು ಬುಡ ಹೇಳುತ್ತೇನೆ.

ಕಾಯ್ದೆಯ ಹೆಸರು ನೇಪಾ. 1970ರ ಜನವರಿ 1ರಂದು ನಿಕ್ಸನ್ ಸಹಿ ಹಾಕಿದ್ದು. ಫೆಡರಲ್ ಸರ್ಕಾರ ಒಪ್ಪಿಗೆಯನ್ನೋ ಹಣವನ್ನೋ ಕೊಡುವ ಮೊದಲು ಪರಿಸರಕ್ಕೆ ಏನಾಗುತ್ತದೆ ಅಂತ ನೋಡಬೇಕು, ಅಷ್ಟೇ. ಇದರಲ್ಲಿ ಮೂರು ದಾರಿ. ಸಣ್ಣಪುಟ್ಟ ಕೆಲಸಕ್ಕೆ ನೇರ ವಿನಾಯಿತಿ. ನಡುವಿನದಕ್ಕೆ ಇಎ, ಅಂದರೆ ಚಿಕ್ಕ ವರದಿ. ದೊಡ್ಡ ಪೆಟ್ಟು ಬೀಳುತ್ತದೆ ಅನ್ನಿಸಿದರೆ ಇಐಎಸ್, ಅಂದರೆ ದೊಡ್ಡ ವರದಿ. ಚಿಕ್ಕ ವರದಿಯ ಕೊನೆಗೆ ‘ಗಮನಾರ್ಹ ಪರಿಣಾಮ ಇಲ್ಲ’ ಅಂತ ಬಂದರೆ ದೊಡ್ಡ ವರದಿ ಬೇಕಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಅದಕ್ಕೆ ಫಾನ್ಸಿ ಅನ್ನುತ್ತಿದ್ದೆವು.

ಈಗ ನಿಮ್ಮ ಪ್ರಶ್ನೆ. ವರದಿ ಹೋಲಿಸುವುದು ಇವತ್ತಿನ ಸದ್ದಿಗೂ ನಾಳಿನ ಸದ್ದಿಗೂ ಅಲ್ಲ. ‘ಯೋಜನೆ ಆದರೆ ಆ ವರ್ಷ ಹೇಗಿರುತ್ತದೆ’ ಮತ್ತು ‘ಯೋಜನೆ ಆಗದಿದ್ದರೆ ಅದೇ ವರ್ಷ ಹೇಗಿರುತ್ತದೆ’, ಇವೆರಡಕ್ಕೆ. ಟರ್ಮಿನಲ್ ಕಟ್ಟದಿದ್ದರೂ ಜನ ಬಂದೇ ಬರುತ್ತಾರೆ, ವಿಮಾನ ಹಾರಿಯೇ ಹಾರುತ್ತದೆ ಅಂತ ಮುನ್ನಂದಾಜು ಹೇಳಿದರೆ ಎರಡರ ನಡುವಿನ ವ್ಯತ್ಯಾಸ ತಾನಾಗಿ ಕಿರಿದಾಗುತ್ತದೆ. ‘ಪರಿಣಾಮ ಇಲ್ಲ’ ಅಂದರೆ ‘ಸದ್ದಿಲ್ಲ’ ಅಂತ ಓದಬೇಡಿ. ‘ಈ ಕಟ್ಟಡದಿಂದ ಹೆಚ್ಚಾಗುವ ಪಾಲು ಗೆರೆ ದಾಟಿಲ್ಲ’ ಅಂತ ಓದಿ.

ಡಿಮೋಯ್ನ್ಸ್_ಮನೆ
ಮೇಡಂ, ಅಂದರೆ ಇಡೀ ಜಗಳ ಆ ಮುನ್ನಂದಾಜಿನ ಮೇಲೆ ನಿಂತಿದೆ. ನಾನು ಎರಡು ಪುಟ ತುಂಬ ಕುಕ್ಕರ್ ವಿಷಲ್ ಬಗ್ಗೆ ಬರೆದಿದ್ದೆ!

ಶಬ್ದಲೆಕ್ಕ
ಆ ಗೆರೆ ಎಲ್ಲಿದೆ ಅಂತ ನಾನು ಹೇಳುತ್ತೇನೆ, ತಲೆ ಕೆಡುವ ಭಾಗ ಇದೇ.

ಎಫ್‌ಎಎ ಸದ್ದನ್ನು ಡಿಎನ್‌ಎಲ್ ಅನ್ನುವ ಅಳತೆಯಲ್ಲಿ ನೋಡುತ್ತದೆ. 24 ಗಂಟೆಯ ಸದ್ದನ್ನೆಲ್ಲ ಸೇರಿಸಿ ಸರಾಸರಿ ಮಾಡುವುದು. ರಾತ್ರಿ 10ರಿಂದ ಬೆಳಗ್ಗೆ 7ರವರೆಗಿನ ಪ್ರತಿ ವಿಮಾನಕ್ಕೆ 10 ಡೆಸಿಬಲ್ ದಂಡ. ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಇಲ್ಲಿಯವರೆಗೆ ಸರಿ.

ಮನೆ ಇರುವ ಕಡೆ ಸರಾಸರಿ 65 ಅಥವಾ ಅದಕ್ಕಿಂತ ಮೇಲಿದ್ದು, ಯೋಜನೆಯಿಂದ 1.5 ಡೆಸಿಬಲ್ ಏರಿದರೆ ‘ಗಮನಾರ್ಹ’. ಆ 1.5ರ ಏರಿಕೆಯಿಂದಲೇ 65 ಮುಟ್ಟಿದರೂ ಗಮನಾರ್ಹ. ಒಂದೂವರೆ ತಾನೇ, ಚಿಕ್ಕದಲ್ವಾ ಅನ್ನಿಸುತ್ತದೆ. ಆದರೆ ಡೆಸಿಬಲ್ ಲಾಗರಿದಮ್ ಲೆಕ್ಕ. ಅದೇ ಜಾತಿಯ ವಿಮಾನ, ಅದೇ ಹೊತ್ತು ಅಂತ ಇಟ್ಟುಕೊಂಡರೆ 1.5 ಏರಬೇಕಾದರೆ ವಿಮಾನಗಳ ಸಂಖ್ಯೆ ಸುಮಾರು 41% ಏರಬೇಕು! ದುಪ್ಪಟ್ಟಾದರೂ ಬರೀ 3 ಡೆಸಿಬಲ್. ಒಂದೇ ಯೋಜನೆಯಿಂದ 41% ಏರಿಕೆ ಎಲ್ಲಿ ಆಗುತ್ತದೆ ಹೇಳಿ? ಅದಕ್ಕೇ ಹೆಚ್ಚಿನ ಟರ್ಮಿನಲ್ ಯೋಜನೆಗಳು ಸದ್ದಿನ ಪರೀಕ್ಷೆಯಲ್ಲಿ ಆರಾಮಾಗಿ ಪಾಸ್.

ಸಮಾಮಿಶ್_ಸೂರಿ
ಎಲ್ಲ ಸರಿ, ಆದರೆ ಬರೀ ಗೋಳು ಆಯಿತು. 2024ರಲ್ಲಿ ಸೀಟ್ಯಾಕ್‌ನಲ್ಲಿ 5.26 ಕೋಟಿ ಪ್ರಯಾಣಿಕರು. 2032ಕ್ಕೆ 5.6 ಕೋಟಿ ಅಂತ ಅಂದಾಜು. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ ಸೆಕ್ಯೂರಿಟಿ ಸಾಲು ಪಾರ್ಕಿಂಗ್ ಗ್ಯಾರೇಜಿನವರೆಗೆ ಬಂದಾಗ ಇದೇ ಜನ ‘ಟರ್ಮಿನಲ್ ಸಾಲದು’ ಅಂತ ಬೈಯುತ್ತಾರೆ.

ಇನ್ನೊಂದು ಮಾತು. 2020ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಘೋಷಿಸಿದಾಗ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. ಕೋವಿಡ್ ಬಂತು, ಅದು ಹಾರಲೇ ಇಲ್ಲ. ಬಂದಿದ್ದರೆ ಮೊದಲ ಟಿಕೆಟ್ ಡಿಮೋಯ್ನ್ಸ್ ಸಾಹೇಬರದ್ದೇ.

ಡಿಮೋಯ್ನ್ಸ್_ಮನೆ
ಖಂಡಿತ ನನ್ನದೇ. ಅಮ್ಮನ ಮಂಡಿ ನೋವಿಗೆ ಫ್ರಾಂಕ್‌ಫರ್ಟ್ ಬದಲಾಯಿಸುವುದು ತಪ್ಪುತ್ತಿತ್ತು. ಟರ್ಮಿನಲ್ ಬೇಡ ಅಂತ ನಾನೆಲ್ಲಿ ಅಂದೆ?

ಮೈಸೂರ್‌ಪಾಕ್_ಮುರುಕು
ನೇರ ವಿಮಾನ ಬೇಕು ಅಂದರೆ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ ಹತ್ತಬೇಕಿತ್ತು. 2021ರ ಜನವರಿಯಲ್ಲಿ ಏರ್ ಇಂಡಿಯಾದ್ದು ಶುರುವಾದಾಗ ಮೊದಲ ಹಾರಾಟದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು. ನಮ್ಮಕ್ಕ ಆ ಫೋಟೋ ಇನ್ನೂ ಸ್ಟೇಟಸ್ ಹಾಕುತ್ತಿರುತ್ತಾಳೆ.

ಬಸವನಗುಡಿ_ಬಾಬು
ಅದಿರಲಿ, ಟ್ರಂಪ್ ನೇಪಾ ಕಾಯ್ದೆಯನ್ನೇ ತೆಗೆದುಹಾಕಿದರಲ್ಲ. ಇನ್ನು ಯಾವ ವರದಿ, ಯಾವ ಗೆರೆ?

ಕಡತಗಿತ್ತಿ
ತಪ್ಪು ಬಾಬು ಅವರೇ. ಕಾಯ್ದೆ ಹಾಗೇ ಇದೆ. ಅದನ್ನು ತೆಗೆಯಬೇಕಾದರೆ ಕಾಂಗ್ರೆಸ್ಸೇ (ಅಮೆರಿಕದ ಸಂಸತ್ತು) ತೆಗೆಯಬೇಕು. ಹೋದದ್ದು ನಿಯಮಾವಳಿ. ಶ್ವೇತಭವನದ ಸಿಇಕ್ಯೂ ಅನ್ನುವ ಮಂಡಳಿ 1978ರಲ್ಲಿ ಎಲ್ಲ ಇಲಾಖೆಗಳಿಗೂ ಒಂದೇ ನಿಯಮ ಬರೆದಿತ್ತು. 2025ರ ಏಪ್ರಿಲ್ 11ರಿಂದ ಅದು ರದ್ದು. ಪಠ್ಯಪುಸ್ತಕ ಇದೆ, ಗೈಡ್ ಹೋಯಿತು ಅಂದುಕೊಳ್ಳಿ. ಈಗ ಪ್ರತಿ ಇಲಾಖೆ ತನ್ನದೇ ಗೈಡ್ ಬರೆದುಕೊಂಡಿದೆ. ಎಫ್‌ಎಎ 2015ರಿಂದ ಇದ್ದ ತನ್ನ ಆದೇಶವನ್ನು 2025ರ ಬೇಸಿಗೆಯಲ್ಲಿ ಬದಲಾಯಿಸಿತು.

ಇದಕ್ಕೆ ಟ್ರಂಪ್ ಒಬ್ಬರೇ ಕಾರಣ ಅಂತಲೂ ಹೇಳಲಾಗದು. 2024ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಡಿಸಿಯ ಮೇಲ್ಮನವಿ ಕೋರ್ಟು, ಸಿಇಕ್ಯೂಗೆ ಕಡ್ಡಾಯ ನಿಯಮ ಬರೆಯುವ ಅಧಿಕಾರವೇ ಇಲ್ಲ ಅಂದುಬಿಟ್ಟಿತ್ತು. ಮೊಕದ್ದಮೆ ಯಾವುದು ಗೊತ್ತಾ? ರಾಷ್ಟ್ರೀಯ ಉದ್ಯಾನಗಳ ಮೇಲೆ ಪ್ರವಾಸಿಗರನ್ನು ಸುತ್ತಿಸುವ ಸಣ್ಣ ವಿಮಾನಗಳದ್ದು. ಎರಡೂ ಕಡೆಯ ವಕೀಲರು ಆ ಪ್ರಶ್ನೆ ಎತ್ತಿರಲೇ ಇಲ್ಲ.

ಬಸವನಗುಡಿ_ಬಾಬು
ಸರಿ ಮೇಡಂ, ತಿದ್ದಿಕೊಂಡೆ.

ಶಬ್ದಲೆಕ್ಕ
ಸೀಟ್ಯಾಕ್ ಯೋಜನೆಗೆ ‘ಯಾವ ಯಾವುದನ್ನು ಪರಿಶೀಲಿಸಬೇಕು’ ಅಂತ ಜನರನ್ನು ಮೊದಲು ಕೇಳಿದ್ದು 2018ರಲ್ಲಿ. ತೀರ್ಮಾನ ಬಂದದ್ದು 2025ರಲ್ಲಿ. ನಡುವೆ 2020ರಲ್ಲಿ ಟ್ರಂಪ್ ಸರ್ಕಾರ ನಿಯಮ ತಿದ್ದಿತು. 2022ರಲ್ಲಿ ಬೈಡನ್ ಸರ್ಕಾರ ಅರ್ಧ ವಾಪಸ್ ತಂದಿತು. 2023ರಲ್ಲಿ ಕಾಂಗ್ರೆಸ್ ಕಾಯ್ದೆಯನ್ನೇ ತಿದ್ದಿತು. 2024ರಲ್ಲಿ ಬೈಡನ್ ಇನ್ನೊಂದು ಸುತ್ತು. 2025ರಲ್ಲಿ ಎಲ್ಲ ರದ್ದು. ಮ್ಯಾಚ್ ನಡುವೆ ಐದು ಸಲ ಮಳೆ ಬಂದು ಐದು ಸಲ ಡಕ್‌ವರ್ತ್-ಲೂಯಿಸ್ ಹಾಕಿದ ಹಾಗೆ. ಗುರಿ ಎಷ್ಟು ಅಂತ ಬ್ಯಾಟ್ಸ್‌ಮನ್‌ಗೂ ಗೊತ್ತಿಲ್ಲ, ಅಂಪೈರ್‌ಗೂ ಗೊತ್ತಿಲ್ಲ.

ಮೈಸೂರ್‌ಪಾಕ್_ಮುರುಕು
ಸ್ಟೇಡಿಯಂ ಮಾತ್ರ ದೊಡ್ಡದಾಗುತ್ತಲೇ ಇದೆ.

ಸಮಾಮಿಶ್_ಸೂರಿ
2023ರ ತಿದ್ದುಪಡಿ ಒಳ್ಳೆಯದೇ ಅಲ್ವಾ? ಇಎ 75 ಪುಟ, ಒಂದು ವರ್ಷ. ಇಐಎಸ್ 150 ಪುಟ (ಬಹಳ ಜಟಿಲವಾದರೆ 300), ಎರಡು ವರ್ಷ. ಇಲ್ಲಿನ ಮೂರನೇ ರನ್‌ವೇ ಕಥೆ ನೆನಪಿದೆಯಾ? ಎಫ್‌ಎಎ ಒಪ್ಪಿಗೆ 1997ರಲ್ಲಿ. ಮಿಲ್ಲರ್ ಹಳ್ಳದ ಜೌಗು ಜಾಗ, ತುಂಬಿಸುವ ಮಣ್ಣು, ಕೋರ್ಟು ಕಚೇರಿ ಎಲ್ಲ ಮುಗಿದು ವಿಮಾನ ಇಳಿದದ್ದು 2008ರ ನವೆಂಬರ್‌ನಲ್ಲಿ. ಅದೇ ವರ್ಷ ಮೇನಲ್ಲಿ ದೇವನಹಳ್ಳಿಯಲ್ಲಿ ಇಡೀ ವಿಮಾನ ನಿಲ್ದಾಣವೇ ತೆರೆದಿತ್ತು.

ದೇವನಹಳ್ಳಿ_ಚಕ್ಕೋತ
ನಮ್ಮೂರ ಹೆಸರು ಕೇಳಿ ಬಂದೆ. ಸೂರಿಯವರೇ, ಆ ನಿಲ್ದಾಣ ಎಷ್ಟು ಬೇಗ ಎದ್ದಿತು ಅನ್ನುವ ಮೊದಲು ಅದರ ಮಾತು ಎಷ್ಟು ವರ್ಷ ನಡೆಯಿತು ಅಂತಲೂ ನೋಡಿ. ನಮ್ಮ ತಾತ ‘ಬರುತ್ತೆ, ಬರುತ್ತೆ’ ಅಂತ ಕೇಳುತ್ತಲೇ ಹೋದರು.

ಇಲ್ಲೂ 2006ರ ಇಐಎ (ಪರಿಸರ ಪರಿಣಾಮ ಪರಿಶೀಲನೆ) ಅಧಿಸೂಚನೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಅಹವಾಲು ಸಭೆ ನಡೆಸುತ್ತದೆ. ಶಾಮಿಯಾನ, ನೀರಿನ ಬಾಟಲಿ, ವೇದಿಕೆ ಮೇಲೆ ಡಿಸಿ. ಜನ ಮೈಕ್ ಹಿಡಿದು ಕೂಗಾಡುತ್ತಾರೆ. ಅಲ್ಲಿನ ಹಾಗೆ ಎರಡು ಪುಟ ಬರೆದು ಕಳಿಸಿ ಸುಮ್ಮನಿರುವುದಿಲ್ಲ. ಮೊದಲು ಅರ್ಥವಾಗಬೇಕಲ್ಲ! 2020ರಲ್ಲಿ ಆ ಅಧಿಸೂಚನೆಯ ಹೊಸ ಕರಡು ಬಂದಾಗ ಇಂಗ್ಲಿಷ್, ಹಿಂದಿ ಎರಡೇ. 22 ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು.

ಆದರೂ ಜಗಳ ಆಡಿದರೆ ಏನೂ ಸಿಗಲ್ಲ ಅನ್ನಬೇಡಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು.

ಸಮಾಮಿಶ್_ಸೂರಿ
ಅದು ಏರೋಸ್ಪೇಸ್ ಪಾರ್ಕು, ವಿಮಾನ ನಿಲ್ದಾಣ ಅಲ್ಲ.

ದೇವನಹಳ್ಳಿ_ಚಕ್ಕೋತ
ಹೊಲ ಕಳೆದುಕೊಳ್ಳುವವನಿಗೆ ಬೋರ್ಡಿನಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ ಅಲ್ಲ ಸಾರ್.

ಕಡತಗಿತ್ತಿ
75 ಪುಟದ ಮಿತಿ ಬಗ್ಗೆ ಒಂದು ಗುಟ್ಟು. ಅನುಬಂಧಗಳು ಅದರ ಲೆಕ್ಕಕ್ಕಿಲ್ಲ. ಹಾಗಾಗಿ ವರದಿ ಸಪೂರ, ಅನುಬಂಧ ದಪ್ಪ. ನಿಜವಾದ ಊಟ ಅನುಬಂಧದಲ್ಲೇ ಇರುತ್ತದೆ. ಮುನ್ನಂದಾಜು ಹೇಗೆ ಹಾಕಿದರು, ಯಾವ ವರ್ಷದ ಅಂಕಿ ತಗೊಂಡರು, ರಾತ್ರಿ ವಿಮಾನ ಎಷ್ಟು ಅಂತ ಹಿಡಿದರು, ಎಲ್ಲ ಅಲ್ಲೇ. ಜನ ಸಾಮಾನ್ಯವಾಗಿ ಮುಂದಿನ ಸಾರಾಂಶ ಓದಿ ಬಿಟ್ಟುಬಿಡುತ್ತಾರೆ.

2025ರ ಜುಲೈನಲ್ಲಿ ಇನ್ನೊಂದು ಬಾಗಿಲು ತೆರೆದರು. ಯೋಜನೆ ಮಾಡುವವರು ವರದಿಯ ಖರ್ಚಿನ 125% ಶುಲ್ಕ ಕಟ್ಟಿದರೆ ಇಎ ಆರು ತಿಂಗಳಲ್ಲಿ, ಇಐಎಸ್ ಒಂದು ವರ್ಷದಲ್ಲಿ ಮುಗಿಸಬೇಕು.

ಬಸವನಗುಡಿ_ಬಾಬು
ತತ್ಕಾಲ್ ಟಿಕೆಟ್!

ಮೈಸೂರ್‌ಪಾಕ್_ಮುರುಕು
ವೇಟಿಂಗ್ ಲಿಸ್ಟಿನಲ್ಲಿ ಡಿಮೋಯ್ನ್ಸ್ ಅಮ್ಮ.

ಫೀನಿಕ್ಸ್_ಬಿಸಿಲು
ಇಷ್ಟು ನಿರಾಶೆ ಬೇಡ, ನಮ್ಮೂರು ಫೀನಿಕ್ಸ್ ಕಥೆ ಕೇಳಿ. 2014ರ ಸೆಪ್ಟೆಂಬರ್ 18ರಂದು ಎಫ್‌ಎಎ ಇಲ್ಲಿ ವಿಮಾನದ ದಾರಿಗಳನ್ನು ದಿಢೀರ್ ಬದಲಾಯಿಸಿತು. ಹೊಸ ರನ್‌ವೇ ಇಲ್ಲ, ಇಟ್ಟಿಗೆ ಸಿಮೆಂಟ್ ಇಲ್ಲ, ಬರೀ ಕಂಪ್ಯೂಟರಿನಲ್ಲಿ ಗೆರೆ. ಹಳೆಯ ಪಾರಂಪರಿಕ ಬೀದಿಗಳ ಮೇಲೆ ಒಂದರ ಹಿಂದೆ ಒಂದು ಶುರು. ಮೇಲೆ ಹೇಳಿದ ನೇರ ವಿನಾಯಿತಿ ದಾರಿಯಲ್ಲೇ ಪಾಸ್ ಮಾಡಿದ್ದರು.

ಎಫ್‌ಎಎ ಆದೇಶವನ್ನು 60 ದಿನದೊಳಗೆ ಪ್ರಶ್ನಿಸಬೇಕು. ನಗರದವರು ಕೋರ್ಟಿಗೆ ಹೋಗುವಾಗ ಆ ಗಡುವು ಮುಗಿದು ಆರು ತಿಂಗಳಾಗಿತ್ತು. ‘ನೋಡುತ್ತೇವೆ, ಸರಿ ಮಾಡುತ್ತೇವೆ’ ಅಂತ ಎಫ್‌ಎಎ ಹೇಳುತ್ತಲೇ ಇತ್ತಲ್ಲ, ಅದಕ್ಕೇ ಕಾದರು ಅಂತ ಕೋರ್ಟು ಒಪ್ಪಿತು. 2017ರ ಆಗಸ್ಟ್‌ನಲ್ಲಿ ತೀರ್ಪು ಊರಿನ ಪರ. ದಾರಿ ರದ್ದಾಯಿತು.

ಕಡತಗಿತ್ತಿ
ನಿಜ, ಆದರೆ ಅದು 2017. ಈಗ 2025ರ ಮೇ 29ರ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ಯೂಟಾದ 88 ಮೈಲಿ ರೈಲು ಮಾರ್ಗದ ಮೊಕದ್ದಮೆ. 8-0. ವರದಿಯಲ್ಲಿ ಏನು ಎಷ್ಟು ಬರೆಯಬೇಕು ಅನ್ನುವುದರಲ್ಲಿ ಕೋರ್ಟುಗಳು ಇಲಾಖೆಯ ಮಾತಿಗೆ ಜಾಸ್ತಿ ಬೆಲೆ ಕೊಡಬೇಕು, ಕಾಲದಲ್ಲೋ ಜಾಗದಲ್ಲೋ ಬೇರೆಯಾದ ಇನ್ನೊಂದು ಯೋಜನೆಯ ಪರಿಣಾಮ ಲೆಕ್ಕ ಹಾಕಬೇಕಿಲ್ಲ ಅಂತ ನ್ಯಾಯಮೂರ್ತಿ ಕ್ಯಾವನಾ ಬರೆದರು. ಗೆಲ್ಲುವುದು ಕಷ್ಟವಾಗಿದೆ. ಅಸಾಧ್ಯ ಅನ್ನುವುದಿಲ್ಲ.

ಬರ್ಬ್ಯಾಂಕ್_ಭಟ್ಟ
ಹಾಗಾದರೆ ಕ್ಯಾಲಿಫೋರ್ನಿಯಾದ ನಮ್ಮ ಬರ್ಬ್ಯಾಂಕ್ ಟರ್ಮಿನಲ್ ಕೇಸ್ ಹೇಳಲೇಬೇಕು. ಕಟ್ಟುವಾಗಿನ ಸದ್ದನ್ನು ಲೆಕ್ಕ ಹಾಕುವಾಗ ಎಫ್‌ಎಎ ಏನು ಹಿಡಿದಿತ್ತು ಗೊತ್ತಾ? ಕಟ್ಟಡದ ಯಂತ್ರಗಳು ಒಂದೇ ಹೊತ್ತಿಗೆ ಓಡುವುದಿಲ್ಲ ಅಂತ! ಅಂದರೆ ಜೆಸಿಬಿ ನಿಂತ ಮೇಲೆ ಲಾರಿ, ಲಾರಿ ನಿಂತ ಮೇಲೆ ಮಿಕ್ಸರು. ಮನೆ ಕಟ್ಟಿಸಿದ ಯಾರನ್ನಾದರೂ ಕೇಳಿ. 2023ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಇದನ್ನು ಒಪ್ಪಲಿಲ್ಲ, ಮತ್ತೆ ಲೆಕ್ಕ ಹಾಕಿ ಅಂತ ವಾಪಸ್ ಕಳಿಸಿತು. ಆದರೆ ಒಪ್ಪಿಗೆಯನ್ನು ರದ್ದು ಮಾಡಲಿಲ್ಲ. 2024ರಲ್ಲಿ ಗುದ್ದಲಿ ಪೂಜೆ ಆಗಿಯೇ ಹೋಯಿತು. ಗೆದ್ದೆವಾ ಸೋತೆವಾ, ನೀವೇ ಹೇಳಿ.

ಸಮಾಮಿಶ್_ಸೂರಿ
ಲೆಕ್ಕ ಸರಿ ಮಾಡಿ, ಕೆಲಸ ನಡೆಯಲಿ ಅಂದರು. ಇದಕ್ಕಿಂತ ನ್ಯಾಯ ಬೇಕಾ?

ಬರ್ಬ್ಯಾಂಕ್_ಭಟ್ಟ
ಕಟ್ಟಿದ ಮೇಲೆ ಲೆಕ್ಕ ಸರಿ ಮಾಡಿದರೆ ಯಾರಿಗೆ ಉಪಯೋಗ ಮಾರಾಯರೇ? ಬಿದಿಗೆ ಚಂದ್ರನನ್ನು ಚೌತಿಗೆ ಹುಡುಕಿದ ಹಾಗಾಯಿತು.

ಚಿಕಾಗೋ_ಚಳಿ
ನೀವು ಸದ್ದು ಅನ್ನುತ್ತಿದ್ದೀರಿ. ಇಲ್ಲಿ ಓ’ಹೇರ್ ವಿಮಾನ ನಿಲ್ದಾಣದ ರನ್‌ವೇಗೆ ಸೇಂಟ್ ಯೋಹಾನೆಸ್ ಸ್ಮಶಾನವನ್ನೇ ಎತ್ತಿದರು. ಹಳೆಯ ಜರ್ಮನ್ ರೈತ ಕುಟುಂಬಗಳ ಸಾವಿರಕ್ಕೂ ಹೆಚ್ಚು ಗೋರಿಗಳು. ಅದಕ್ಕೆ ದೊಡ್ಡ ವರದಿಯೇ ಆಗಿತ್ತು, ಇಐಎಸ್, 2005ರಲ್ಲಿ ಒಪ್ಪಿಗೆ. ಸತ್ತವರ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2013ರಲ್ಲಿ ರನ್‌ವೇ ತೆರೆಯಿತು. ದೊಡ್ಡ ವರದಿ ಸಿಕ್ಕಿದರೆ ಯೋಜನೆ ನಿಲ್ಲುತ್ತದೆ ಅಂದುಕೊಂಡವರಿಗೆ ಹೇಳುತ್ತಿದ್ದೇನೆ. ನೇಪಾ ‘ನೋಡಿ ಮಾಡು’ ಅನ್ನುತ್ತದೆ, ‘ಮಾಡಬೇಡ’ ಅನ್ನುವುದಿಲ್ಲ.

ಡಿಮೋಯ್ನ್ಸ್_ಮನೆ
ಓದಿ ಒಂಥರಾ ಆಯಿತು.

ಶಬ್ದಲೆಕ್ಕ
ಗೆರೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಕ್ಷಮಿಸಿ. ಆ 65ಕ್ಕೆ ಹೇಳುತ್ತಿದ್ದ ಆಧಾರ 1978ರ ಒಂದು ವಕ್ರರೇಖೆ. 1992ರಲ್ಲಿ ಪರಿಷ್ಕರಿಸಿದ ಮೇಲೆ ಅದರ ಪ್ರಕಾರ 65ರಲ್ಲಿ ಬಹಳ ಕಿರಿಕಿರಿ ಪಡುವವರು ಸುಮಾರು 12%. ಎಫ್‌ಎಎ ತಾನೇ 20 ನಿಲ್ದಾಣಗಳ ಸುತ್ತ 10,000ಕ್ಕೂ ಹೆಚ್ಚು ಜನರನ್ನು ಕೇಳಿಸಿ 2021ರ ಜನವರಿಯಲ್ಲಿ ಪ್ರಕಟಿಸಿತು. ಅದೇ 65ರಲ್ಲಿ 60ರಿಂದ 70%! ಗೆರೆ ಮಾತ್ರ ಇದ್ದಲ್ಲೇ ಇದೆ. ನಿಯಮ ಇಷ್ಟು ಸಲ ಬದಲಾಯಿತು ಅಂತೀರಿ, ಬದಲಾಗಬೇಕಾದದ್ದು ಬದಲಾಗಲಿಲ್ಲ ನೋಡಿ. ಎರಡೂ ಪಕ್ಷದ ಸರ್ಕಾರ ಬಂದು ಹೋದವು.

ರೆಂಟನ್_ರಾಧಾ
ಬರೀ ಸದ್ದಲ್ಲ. 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸೀಟ್ಯಾಕ್‌ನಲ್ಲಿ ವಿಮಾನ ಇಳಿಯುವ ದಾರಿಯ ಕೆಳಗೆ ಅತಿ ಸೂಕ್ಷ್ಮ ಕಣಗಳನ್ನು ಅಳೆದರು. ರಸ್ತೆಯ ವಾಹನಗಳ ಕಣವೇ ಬೇರೆ, ವಿಮಾನದ್ದೇ ಬೇರೆ ಅಂತ ಗುರುತಿಸಲು ಆಯಿತು. ಅಷ್ಟು ಚಿಕ್ಕ ಕಣಕ್ಕೆ ಫೆಡರಲ್ ಮಿತಿಯೇ ಇಲ್ಲ. ಮಿತಿ ಇಲ್ಲದ್ದನ್ನು ಮೀರುವುದು ಹೇಗೆ ಹೇಳಿ?

ಮತ್ತೆ, ಬಡವರ, ಕರಿಯರ, ವಲಸಿಗರ ಬಡಾವಣೆಗಳ ಮೇಲೆ ಜಾಸ್ತಿ ಹೊರೆ ಬೀಳುತ್ತಿದೆಯಾ ಅಂತ ನೋಡಿ ಅನ್ನುವ 1994ರ ಕ್ಲಿಂಟನ್ ಆದೇಶವೂ 2025ರ ಜನವರಿಯಲ್ಲಿ ಹೋಯಿತು. ನನಗೆ ಇದೇ ದೊಡ್ಡ ನಷ್ಟ. ಬೆಲ್‌ವ್ಯೂನಂಥ ಸಿರಿವಂತ ಊರಲ್ಲಿ ಕೂತು ಮಾತಾಡುವವರಿಗೆ ಇದು ಕಾಣುವುದಿಲ್ಲ.

ಸಮಾಮಿಶ್_ಸೂರಿ
ನಾನು ಸಮಾಮಿಶ್ ಮೇಡಂ, ಬೆಲ್‌ವ್ಯೂ ಅಲ್ಲ.

ರೆಂಟನ್_ರಾಧಾ
ಅಲ್ಲಿ ಇನ್ನೂ ಕಾಣುವುದಿಲ್ಲ.

ಬಸವನಗುಡಿ_ಬಾಬು
ಒಂದು ಸ್ವಾರಸ್ಯ ಸಿಕ್ಕಿತು. ನೇಪಾ ಕಾಯ್ದೆಯನ್ನು ಸೆನೆಟ್‌ನಲ್ಲಿ ತಂದವರು ವಾಷಿಂಗ್ಟನ್ ರಾಜ್ಯದವರೇ, ಸೆನೆಟರ್ ಹೆನ್ರಿ ಜಾಕ್ಸನ್. 1983ರಲ್ಲಿ ಅವರು ತೀರಿಕೊಂಡಾಗ ಸೀಟ್ಯಾಕ್‌ಗೆ ಅವರ ಹೆಸರನ್ನೇ ಇಟ್ಟರು. ಟಕೋಮಾದವರು ನಮ್ಮೂರ ಹೆಸರು ಹೋಯಿತು ಅಂತ ಗಲಾಟೆ ಮಾಡಿ ಕೆಲವೇ ತಿಂಗಳಲ್ಲಿ ಹಳೆ ಹೆಸರು ವಾಪಸ್ ತರಿಸಿದರು.

ಮೈಸೂರ್‌ಪಾಕ್_ಮುರುಕು
ಹೆಸರಿಗೆ ಜಗಳ ಆಡಿದರೆ ತಿಂಗಳಲ್ಲಿ ಗೆಲುವು. ಪಾಠ ಕಲಿತೆವು.

ಡಿಮೋಯ್ನ್ಸ್_ಮನೆ
ಎಲ್ಲರಿಗೂ ಧನ್ಯವಾದ. ಕೋರ್ಟಿಗೆ ಹೋಗುವಷ್ಟು ತಾಕತ್ತು ನನಗಿಲ್ಲ. ಕಡತಗಿತ್ತಿ ಮೇಡಂ, ಇನ್ನೊಂದು ಸಲ ಬರೆಯುವ ಅವಕಾಶ ಬಂದರೆ ಏನು ಬರೆಯಲಿ?

ಕಡತಗಿತ್ತಿ
ಅವಕಾಶ ಇದೆ. ಫೆಡರಲ್ ವರದಿ ಬೇರೆ, ವಾಷಿಂಗ್ಟನ್ ರಾಜ್ಯದ್ದೇ ಆದ 1971ರ ಪರಿಸರ ಕಾಯ್ದೆ ಬೇರೆ. ಅದರ ಪರಿಶೀಲನೆಯನ್ನು ಪೋರ್ಟ್ (ನಿಲ್ದಾಣ ನಡೆಸುವ ಪೋರ್ಟ್ ಆಫ್ ಸಿಯಾಟಲ್) ಪ್ರತ್ಯೇಕವಾಗಿ ಮಾಡಬೇಕು. ವಾಷಿಂಗ್ಟನ್ ಡಿಸಿಯಲ್ಲಿ ಗೈಡ್ ಹರಿದರೆ ಇದು ಹರಿಯುವುದಿಲ್ಲ. ಈ ಕಾಯ್ದೆ ಇಲ್ಲದ ರಾಜ್ಯದವರ ಪಾಡು ಬೇರೆ.

ಬರೆಯುವಾಗ ‘ಸದ್ದು ಜಾಸ್ತಿ’ ಅಂತ ಬರೆಯಬೇಡಿ, ಅದಕ್ಕೆ ‘ಗಮನಿಸಲಾಗಿದೆ’ ಅಂತ ಒಂದು ಸಾಲಿನ ಉತ್ತರ ಬರುತ್ತದೆ. ನಾನೇ ಎಷ್ಟೋ ಬರೆದಿದ್ದೇನೆ. ಅನುಬಂಧದ ಇಂಥ ಪುಟ, ಇಂಥ ಕೋಷ್ಟಕ, ಇಲ್ಲಿ ರಾತ್ರಿ ವಿಮಾನ ಇಷ್ಟು ಅಂತ ಹಿಡಿದಿದ್ದೀರಿ, ಏಕೆ? ಟರ್ಮಿನಲ್ ಇಲ್ಲದೆಯೂ ಇಷ್ಟು ವಿಮಾನ ಬರುತ್ತದೆ ಅಂದಿರಿ, ಗೇಟ್ ಇಲ್ಲದೆ ಅವು ಎಲ್ಲಿ ನಿಲ್ಲುತ್ತವೆ? ಹೀಗೆ ಕೇಳಿ. ಬರ್ಬ್ಯಾಂಕ್‌ನ ಯಂತ್ರದ ಪ್ರಶ್ನೆ ಇಂಥದ್ದೇ. ಹೀಗೆ ಬರೆದು ಕಳಿಸುವ ಅಭಿಪ್ರಾಯದಲ್ಲಿ ಎತ್ತದ ವಿಷಯವನ್ನು ಆಮೇಲೆ ಕೋರ್ಟಿನಲ್ಲಿ ಎತ್ತುವುದು ಕಷ್ಟ, ಯಾರೇ ಮೊಕದ್ದಮೆ ಹೂಡಲಿ.

ಡಿಮೋಯ್ನ್ಸ್_ಮನೆ
‘ಗೇಟ್ ಇಲ್ಲದೆ ಎಲ್ಲಿ ನಿಲ್ಲುತ್ತವೆ’ ಬರೆದುಕೊಂಡೆ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಎದ್ದು ಹೋಗಿ ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತಂದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕದ ಹಾಗೆ ನಾಲ್ಕು ಗೀಟು, ಅಡ್ಡ ಒಂದು ಗೀಟು. ಹನ್ನೊಂದು ದಿನದಿಂದ ಬೆಳಗ್ಗೆ 6ರಿಂದ 7ರವರೆಗೆ ಎಣಿಸುತ್ತಿದ್ದಾರಂತೆ. ಮಂಗಳವಾರ 26. ಭಾನುವಾರ 19. ನನಗೆ ಗೊತ್ತೇ ಇರಲಿಲ್ಲ.

ಶಬ್ದಲೆಕ್ಕ
ಅಮ್ಮನಿಗೆ ನಮಸ್ಕಾರ ಹೇಳಿ! ಎಷ್ಟು ಸಲ ಇಂತಿಷ್ಟು ಡೆಸಿಬಲ್ ದಾಟಿತು ಅಂತ ಎಣಿಸುವ ಅಳತೆ ನಿಜಕ್ಕೂ ಇದೆ. ಎಫ್‌ಎಎ ಅದನ್ನು ಪೂರಕ ಮಾಹಿತಿ ಅಂತ ಮಾತ್ರ ನೋಡುತ್ತದೆ, ಗೆರೆಗೆ ಬಳಸುವುದಿಲ್ಲ. ಆದರೂ ಫೋಟೋ ತೆಗೆದು ಇಟ್ಟುಕೊಳ್ಳಿ. 7 ಗಂಟೆಗೆ ಮುಂಚಿನದು ಅಂದರೆ ಒಂದೊಂದು ಗೀಟಿಗೂ ಹತ್ತರ ತೂಕ.

ರೆಂಟನ್_ರಾಧಾ
ಈ ವರ್ಷದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನಿಮಗೆ ಎಲ್ಲಿ ಸಿಕ್ಕಿತು? ಅಮ್ಮ ತಂದದ್ದಾ? ಇನ್ನೊಂದು ಇದ್ದರೆ ಹೇಳಿ, ಬಂದು ತಗೋತೀನಿ.